ನಡುವೆ ಒಂದು ‘ಎ’: ಯಕ್ಷಗಾನದ ಟೇಪುಗಳ ಸರ್ವರ್ ರಿಪೇರಿ ಮಾಡಿದ ಕಥೆ

ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ನಮ್ಮ ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ದೀಪಾವಳಿ ಕಳೆಯುವ ತನಕ ಬಯಲಾಟ ಇಲ್ಲ. ಉಡುಪಿಯ ಕಿನ್ನಿಮುಲ್ಕಿ ಹತ್ತಿರ ನನ್ನ ಪರಿಚಯದ ಅಣ್ಣ ಒಬ್ಬರ ವಿಡಿಯೋ ಸ್ಟುಡಿಯೋ ಇದೆ. ಅವರಿಗೆ ಈ ಮಳೆಗಾಲವೇ ದೊಡ್ಡ ಕೆಲಸದ ಸಮಯ. ಹಳೆಯ ಆಟಗಳ ಟೇಪುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಾರೆ. ವಿಎಚ್‌ಎಸ್ ಇದೆ, ಮಿನಿ ಡಿವಿ ಇದೆ. ತೆಂಕು, ಬಡಗು ಎರಡೂ ತಿಟ್ಟಿನ ಆಟಗಳಿವೆ. ಈಗ ಇಲ್ಲದ ಎಷ್ಟೋ ಭಾಗವತರ ಸ್ವರ ಆ ಟೇಪುಗಳಲ್ಲಿ ಮಾತ್ರ ಉಳಿದಿದೆ.

ಮಿನಿ ಡಿವಿ ಟೇಪನ್ನು ಇದ್ದ ಹಾಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ರಾತ್ರಿಯಿಡೀ ನಡೆದ ಒಂದು ಆಟ ಅಂದರೆ 100 ಜಿಬಿಗೂ ಜಾಸ್ತಿ. ಇದೆಲ್ಲ ಹೋಗಿ ಕೂರುವುದು ಒಂದು ಡೆಲ್ ಪವರ್‌ಎಡ್ಜ್ ಟಿ630 ಟವರ್ ಸರ್ವರಿನಲ್ಲಿ. 2017ರಲ್ಲಿ ತಗೊಂಡದ್ದು. ಒಳಗೆ ಪೆರ್ಕ್ ಎಚ್730ಪಿ ರೈಡ್ ಕಾರ್ಡ್, ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕಿನ ಹಾಗೆ ನಡೆಸುವ ಕಾರ್ಡ್. ಅದರಲ್ಲಿ ಡೇಟಾವನ್ನು ಸ್ವಲ್ಪ ಹೊತ್ತು ಹಿಡಿದಿಡುವ 2 ಜಿಬಿ ಕ್ಯಾಶ್ ಮೆಮೊರಿ, ಕರೆಂಟ್ ಹೋದರೆ ಅದನ್ನು ಕಾಯಲು ಒಂದು ಬ್ಯಾಟರಿ. ಡಿಸ್ಕ್ ಹಾಕುವ ಜಾಗ ಒಟ್ಟು ಎಂಟು. ಎರಡರಲ್ಲಿ ಸಣ್ಣ ಎಸ್‌ಎಸ್‌ಡಿ, ಅದರಲ್ಲಿ ಉಬುಂಟು. ನಾಲ್ಕರಲ್ಲಿ 4 ಟಿಬಿಯ ಸಾಟಾ ಡಿಸ್ಕುಗಳು, ರೈಡ್ 5ರಲ್ಲಿ. ಎರಡು ಖಾಲಿ.

ಜೂನ್ ಎರಡನೇ ವಾರ, ಬೆಳಿಗ್ಗೆ ಏಳೂವರೆಗೆ ಅಣ್ಣನ ಫೋನ್ ಬಂತು. ಹಿಂದಿನ ರಾತ್ರಿ ಜೋರು ಸಿಡಿಲು ಮಳೆ. ಕರೆಂಟ್ ಹೋಗಿದೆ, ಯುಪಿಎಸ್ ಎರಡೇ ನಿಮಿಷಕ್ಕೆ ಕೈಕೊಟ್ಟಿದೆ, ಸರ್ವರ್ ದಪ್ಪನೆ ಆಫ್ ಆಗಿದೆ. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಏನೋ ಬರೆದು ನಿಂತಿದೆ.

“ಎಂತ ಉಂಟು ಅದರಲ್ಲಿ, ಫೋಟೋ ತೆಗೆದು ಕಳಿಸಿ ಅಣ್ಣ. ಒಂದು ಕೀಯನ್ನೂ ಒತ್ತಬೇಡಿ” ಎಂದೆ.

ಫೋಟೋ ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಮೆಮೊರಿ ಅಥವಾ ಬ್ಯಾಟರಿಯ ತೊಂದರೆ ಕಂಡುಬಂದಿದೆ, ಕಾರ್ಡ್ ಚೇತರಿಸಿಕೊಂಡಿದೆ, ಆದರೆ ಕ್ಯಾಶ್‌ನಲ್ಲಿದ್ದ ಡೇಟಾ ಹೋಗಿದೆ. ಇದು ಆ ಸಂದೇಶದ ಅರ್ಥ. ರೈಡ್ ಕಾರ್ಡುಗಳ ಜತೆ ಕೆಲಸ ಮಾಡುವ ಯಾರಿಗೂ ಇದು ನೋಡಬೇಕು ಅನಿಸುವ ಸಾಲಲ್ಲ.

ಸ್ಟುಡಿಯೋಗೆ ಹೋದಾಗ ಅಣ್ಣ ಕುರ್ಚಿಯಲ್ಲಿ ಕೂತಿರಲಿಲ್ಲ, ಬಾಗಿಲಲ್ಲೇ ನಿಂತಿದ್ದರು.

“ಎಲ್ಲ ಹೋಯ್ತಾ ಮಾರಾಯ?”

“ಎಲ್ಲ ಹೋಗಿರಲಿಕ್ಕಿಲ್ಲ ಅಣ್ಣ. ಎಷ್ಟು ಹೋಗಿದೆ ನೋಡಬೇಕು.”

ನಾಲ್ಕೂ ಡಿಸ್ಕ್ ಸರಿ ಇದ್ದವು. ನಾಲ್ಕೂ ಸೇರಿ ಆದ ದೊಡ್ಡ ಡಿಸ್ಕ್, ಅಂದರೆ ವರ್ಚುವಲ್ ಡಿಸ್ಕ್, ಆಪ್ಟಿಮಲ್ (ಸರಿ ಇದೆ) ಎಂದೇ ತೋರಿಸುತ್ತಿತ್ತು. ಜನ ಮೋಸ ಹೋಗುವುದು ಇಲ್ಲೇ. ಡಿಸ್ಕುಗಳು ಸರಿ ಇವೆ ಎಂದರೆ ಅದರ ಮೇಲಿನ ಫೈಲ್ ಸಿಸ್ಟಂ ಸರಿ ಇದೆ ಎಂದಲ್ಲ. ಅದು ಎಕ್ಸ್‌ಎಫ್‌ಎಸ್, ಮೌಂಟ್ ಆಗಲೇ ಇಲ್ಲ, ಅಂದರೆ ತೆರೆದುಕೊಳ್ಳಲೇ ಇಲ್ಲ. ಮೊದಲು ಅದರ ಮೆಟಾಡೇಟಾವನ್ನು (ಯಾವ ಫೈಲ್ ಎಲ್ಲಿದೆ ಎಂಬ ಮಾಹಿತಿ) ಬೇರೆ ಕಡೆ ಕಾಪಿ ಮಾಡಿಟ್ಟೆ. ಆಮೇಲೆ ಎಕ್ಸ್‌ಎಫ್‌ಎಸ್ ರಿಪೇರಿಯನ್ನು ಸುಮ್ನೆ ನೋಡುವ ಮೋಡ್‌ನಲ್ಲಿ ಓಡಿಸಿದೆ. ಅದು ಏನನ್ನೂ ಬದಲಿಸುವುದಿಲ್ಲ, ತಪ್ಪುಗಳನ್ನು ಹೇಳುತ್ತದೆ ಅಷ್ಟೆ. ಜರ್ನಲ್ಲನ್ನು, ಅಂದರೆ ಮಾಡುತ್ತಿದ್ದ ಬದಲಾವಣೆಗಳ ದಾಖಲೆಯನ್ನು, ಓದಿ ಸರಿಮಾಡುವ ದಾರಿ ಉಳಿದಿರಲಿಲ್ಲ. ಹಾಗಾಗಿ ಕೊನೆಗೆ ಜರ್ನಲ್ ಅಳಿಸಿ ರಿಪೇರಿ ಮಾಡಬೇಕಾಯಿತು. ಇದು ಎಲ್ಲಕ್ಕಿಂತ ಕೊನೆಯ ಉಪಾಯ, ಮೊದಲೇ ಇದಕ್ಕೆ ಕೈ ಹಾಕಬಾರದು. ಮಧ್ಯಾಹ್ನದ ಹೊತ್ತಿಗೆ ವಾಲ್ಯೂಮ್ ಮೌಂಟ್ ಆಯಿತು. ಲಾಸ್ಟ್ ಫೌಂಡ್ ಫೋಲ್ಡರಿನಲ್ಲಿ ಹೆಸರಿಲ್ಲದ 11 ಫೈಲುಗಳು. ಹಿಂದಿನ ದಿನ ಇಳಿಸಿದ್ದ ಮೂರು ಟೇಪುಗಳ ಫೈಲುಗಳು ತೆರೆಯಲೇ ಇಲ್ಲ.

ಎರಡು ಟೇಪು ಚೆನ್ನಾಗಿದ್ದವು, ಮತ್ತೆ ಇಳಿಸಬಹುದು. ಮೂರನೆಯದು ಬೂಷ್ಟು ಹಿಡಿದಿದ್ದ ವಿಎಚ್‌ಎಸ್. ಅದನ್ನು ಬಿಚ್ಚಿ, ಒರೆಸಿ, ಬೇರೆ ಕ್ಯಾಸೆಟ್ ಕವಚಕ್ಕೆ ಹಾಕಿ, ನಾಲ್ಕು ದಿನ ಕಷ್ಟಪಟ್ಟು ಒಮ್ಮೆ ಓಡಿಸಿದ್ದರು ಅಣ್ಣ. ಮತ್ತೊಮ್ಮೆ ಓಡುತ್ತದಾ ಎಂದು ಅವರಿಗೇ ಗೊತ್ತಿರಲಿಲ್ಲ.

ಈಗ ಕಾರಣ ಹುಡುಕಬೇಕಿತ್ತು. ಪೆರ್ಕ್ ಸಿಎಲ್‌ಐ ಎಂಬ ಕಮಾಂಡ್ ಲೈನ್ ಸಾಧನದಲ್ಲಿ ವರ್ಚುವಲ್ ಡಿಸ್ಕುಗಳ ಪಟ್ಟಿ ತೆಗೆದರೆ ಕ್ಯಾಶ್ ಎಂಬ ಒಂದು ಕಾಲಂ ಬರುತ್ತದೆ. ಅದರಲ್ಲಿ ಕೆಲವೇ ಅಕ್ಷರ. ನಮ್ಮದರಲ್ಲಿ ಹೀಗಿತ್ತು: ಆರ್, ಎ, ಡಬ್ಲ್ಯೂ, ಬಿ, ಡಿ. ಮೊದಲ ಆರ್ ಅಂದರೆ ರೀಡ್ ಅಹೆಡ್. ಕೊನೆಯ ಡಿ ಅಂದರೆ ಡೈರೆಕ್ಟ್. ಡಬ್ಲ್ಯೂ, ಬಿ ಅಂದರೆ ರೈಟ್ ಬ್ಯಾಕ್. ಎಲ್ಲ ಸರಿಯೇ. ಆದರೆ ಅದರ ಹಿಂದೆ ಒಂದು ‘ಎ’ ಇದೆಯಲ್ಲ, ಅದು ಆಲ್ವೇಸ್. ಏನೇ ಆಗಲಿ, ಬ್ಯಾಟರಿ ಸತ್ತರೂ ಸರಿ, ರೈಟ್ ಬ್ಯಾಕ್ ಬಿಡಬೇಡ ಎಂಬ ಅಪ್ಪಣೆ. ಡೆಲ್‌ನ ಮೆನುಗಳಲ್ಲಿ ಇದಕ್ಕೇ ಫೋರ್ಸ್ ರೈಟ್ ಬ್ಯಾಕ್ ಎನ್ನುತ್ತಾರೆ.

ರೈಟ್ ಬ್ಯಾಕ್ ಅಂದರೆ ಏನೆಂದು ಅಣ್ಣನಿಗೆ ಮಲ್ಪೆಯ ಉದಾಹರಣೆ ಕೊಟ್ಟೆ, ಅವರ ಮನೆ ಅಲ್ಲೇ. ಬಂದರಿನಲ್ಲಿ ಮೀನಿನ ಏಲಂ ನಡೆಯುವಾಗ ಲೆಕ್ಕ ಬರೆಯುವವನು ಪ್ರತಿ ಬುಟ್ಟಿಗೂ ಆಫೀಸಿಗೆ ಓಡಿ ದೊಡ್ಡ ಪುಸ್ತಕದಲ್ಲಿ ಬರೆದು ಬಂದರೆ ಏಲಂ ಮುಂದೆ ಹೋಗುವುದೇ ಇಲ್ಲ. ಕೈಯಲ್ಲಿರುವ ಚೀಟಿಯಲ್ಲಿ ಬರೆದುಕೊಂಡು “ಆಯ್ತು, ಮುಂದಿನದು” ಎನ್ನುತ್ತಾನೆ. ದೊಡ್ಡ ಪುಸ್ತಕಕ್ಕೆ ಆಮೇಲೆ ಏರಿಸುತ್ತಾನೆ. ಇದು ರೈಟ್ ಬ್ಯಾಕ್. ಪ್ರತಿ ಸಲ ದೊಡ್ಡ ಪುಸ್ತಕದಲ್ಲಿ ಬರೆದೇ “ಆಯ್ತು” ಎನ್ನುವುದು ರೈಟ್ ಥ್ರೂ. ಕಾರ್ಡಿನ 2 ಜಿಬಿ ಮೆಮೊರಿ ಆ ಚೀಟಿ. ಬ್ಯಾಟರಿ ಅಂದರೆ ಮಳೆ ಬಂದಾಗ ಚೀಟಿಯ ಮೇಲೆ ಹಿಡಿಯುವ ಕೊಡೆ. ಕೊಡೆ ಹರಿದಿದೆ, ಆದರೂ ಚೀಟಿಯಲ್ಲೇ ಬರೆ ಎಂದು ಯಾರೋ ಹೇಳಿ ಹೋಗಿದ್ದಾರೆ.

ಯಾವಾಗ ಹೇಳಿದ್ದು ಎಂಬುದೂ ಸಿಕ್ಕಿತು. ಕಾರ್ಡ್ ತನ್ನೊಳಗೆ ಒಂದು ಈವೆಂಟ್ ಲಾಗ್ ಇಟ್ಟುಕೊಂಡಿರುತ್ತದೆ. ಅದನ್ನು ಪೂರ್ತಿ ಫೈಲಿಗೆ ತೆಗೆದು ಹಿಂದಕ್ಕೆ ಓದುತ್ತಾ ಹೋದೆ. ಸುಮಾರು ಒಂದು ವರ್ಷದ ಹಿಂದೆ ಬ್ಯಾಟರಿ ಫೇಲ್ ಎಂದು ಬಂದಿದೆ. ಅದೇ ಕ್ಷಣ ಕಾರ್ಡ್ ತಾನಾಗಿಯೇ ರೈಟ್ ಥ್ರೂಗೆ ಇಳಿದಿದೆ. ಅದು ಮಾಡಬೇಕಾದ ಕೆಲಸವನ್ನೇ ಮಾಡಿದೆ. ಮೂರು ದಿನ ಬಿಟ್ಟು ಪಾಲಿಸಿ ಬದಲಾಗಿದೆ. ಅಣ್ಣನಿಗೆ ನೆನಪಾಯಿತು. ಆಗ ಎಡಿಟಿಂಗ್ ತುಂಬ ನಿಧಾನ ಆಗಿತ್ತು, ಸರ್ವಿಸಿಗೆ ಬಂದವರೊಬ್ಬರು ಹತ್ತು ನಿಮಿಷದಲ್ಲಿ ಸರಿಮಾಡಿ ಹೋಗಿದ್ದರು. ಬ್ಯಾಟರಿಯ ಮಾತು ಅವರು ಎತ್ತಿರಲಿಲ್ಲ.

ನನಗೆ ಇಲ್ಲಿ ಬೇಸರ ಆಗುವುದು ಒಂದೇ ಕಾರಣಕ್ಕೆ. ವೇಗ ಕಡಿಮೆಯಾದದ್ದು ರೋಗ ಅಲ್ಲ, ಅದು ಕಾರ್ಡ್ ಕೂಗಿ ಹೇಳಿದ ಮಾತು. ನನ್ನ ಕೊಡೆ ಹರಿದಿದೆ, ನೋಡಿ ಎಂದು. ಆ ಬಾಯಿ ಮುಚ್ಚಿಸಿದ್ದಕ್ಕೆ ಒಂದು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ.

ಮೊದಲ ಕೆಲಸವಾಗಿ ಆ ‘ಎ’ ತೆಗೆದೆ. ಪಾಲಿಸಿಯನ್ನು ಬರೀ ರೈಟ್ ಬ್ಯಾಕ್ ಎಂದು ಇಟ್ಟ ಕೂಡಲೇ, ಬ್ಯಾಟರಿ ಇಲ್ಲದ ಕಾರಣ ಕಾರ್ಡ್ ರೈಟ್ ಥ್ರೂಗೆ ಇಳಿಯಿತು. ಬರೆಯುವ ವೇಗ ಸೆಕೆಂಡಿಗೆ 40 ಎಂಬಿ ಕೂಡ ಇಲ್ಲ. ಇರಲಿ. 8 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ತರಿಸಿ ಇದ್ದ 9.6 ಟಿಬಿಯನ್ನು ಅದಕ್ಕೆ ಕಾಪಿ ಹಾಕಿದೆ. ಓದುವುದಕ್ಕೆ ರೈಟ್ ಥ್ರೂನಿಂದ ತೊಂದರೆ ಇಲ್ಲವಲ್ಲ, ಸುಮಾರು 20 ಗಂಟೆಯಲ್ಲಿ ಮುಗಿಯಿತು. ಆ ಎರಡು ಡಿಸ್ಕ್ ಅಣ್ಣನ ಮಲ್ಪೆಯ ಮನೆಗೆ ಹೋದವು. ಅದಾಗುವ ತನಕ ಸರ್ವರಿನ ಮುಚ್ಚಳಕ್ಕೆ ನಾನು ಕೈ ಹಾಕಲಿಲ್ಲ.

ಹೇಗೂ ಕೆಲಸ ಬಿಚ್ಚಿದ್ದೇವೆ, ಜಾಗವೂ ಮುಗಿಯುತ್ತಾ ಬಂದಿದೆ, ಖಾಲಿ ಇರುವ ಎರಡು ಜಾಗಕ್ಕೆ ಡಿಸ್ಕ್ ಹಾಕಿ ರೈಡ್ 6 ಮಾಡೋಣ ಎಂದು ಅಣ್ಣನಿಗೆ ಹೇಳಿದೆ. ರೈಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಆದರೆ ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಆಗುವಾಗ ಉಳಿದ ಎಲ್ಲ ಡಿಸ್ಕುಗಳನ್ನೂ ತುದಿಯಿಂದ ತುದಿಗೆ ಓದಬೇಕು. ಅಷ್ಟು ವರ್ಷ ಒಟ್ಟಿಗೇ ಸವೆದ ಡಿಸ್ಕುಗಳಲ್ಲಿ ಇನ್ನೊಂದು ಆಗಲೇ ಕೈಕೊಟ್ಟರೆ ಮುಗಿಯಿತು. ರೈಡ್ 6ರಲ್ಲಿ ಎರಡು ಹೋದರೂ ಡೇಟಾ ಉಳಿಯುತ್ತದೆ. ಮೊದಲು 12 ಟಿಬಿ ಇದ್ದದ್ದು ಆರು ಡಿಸ್ಕಿನ ರೈಡ್ 6ರಲ್ಲಿ 16 ಟಿಬಿ ಆಗುತ್ತದೆ.

“ಹಾಗಾದರೆ ಈಗಲೇ ಹಾಕು” ಎಂದರು ಅಣ್ಣ.

“ಮೊದಲು ಬ್ಯಾಟರಿ ಅಣ್ಣ. ಆಮೇಲೆ ಯುಪಿಎಸ್. ಆಮೇಲೆ ಡಿಸ್ಕ್.”

ಈ ಕ್ರಮದ ವಿಷಯದಲ್ಲಿ ನಾನು ಹಠ ಮಾಡಿದೆ. ರೈಡ್ 5ನ್ನು 6 ಮಾಡುವ ಈ ಕೆಲಸಕ್ಕೆ ರೀಕಾನ್ಫಿಗರ್ ಎನ್ನುತ್ತಾರೆ. ಕಾರ್ಡ್ ಪ್ರತಿ ಪಟ್ಟಿಯನ್ನೂ (ಡಿಸ್ಕುಗಳಿಗೆ ಹಂಚಿದ ಡೇಟಾದ ತುಂಡು) ಹಳೆಯ ಜಾಗದಿಂದ ಓದಿ, ಹೊಸ ಲೆಕ್ಕದಲ್ಲಿ ಹಂಚಿ, ಹೊಸ ಪ್ಯಾರಿಟಿ (ಹೋದ ಡಿಸ್ಕಿನ ಡೇಟಾವನ್ನು ಮತ್ತೆ ಕಟ್ಟಲು ಬೇಕಾದ ಲೆಕ್ಕ) ಹಾಕಿ ಮತ್ತೆ ಬರೆಯುತ್ತದೆ. ದಿನಗಟ್ಟಲೆ ನಡೆಯುವ ಕೆಲಸ. ಶುರು ಮಾಡಿದ ಮೇಲೆ ರದ್ದು ಮಾಡಿ ಹಿಂದಕ್ಕೆ ಬರಲು ಆಗುವುದಿಲ್ಲ. ಜೂನ್ ತಿಂಗಳ ಉಡುಪಿಯಲ್ಲಿ, ಸತ್ತ ಬ್ಯಾಟರಿ ಇಟ್ಟುಕೊಂಡು ಅದನ್ನು ಶುರು ಮಾಡುವುದು ಗಾಳಿಮಳೆಗೆ ಮಾಡಿನ ಹಂಚು ಬಿಚ್ಚಿ ಇಟ್ಟ ಹಾಗೆ.

ಬ್ಯಾಟರಿ ಬೆಂಗಳೂರಿನಿಂದ ನಾಲ್ಕು ದಿನಕ್ಕೆ ಬಂತು. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿದೆ. ಹಾಗೆ ಮಾಡಿದರೆ ಕ್ಯಾಶ್‌ನಲ್ಲಿ ಇದ್ದದ್ದೆಲ್ಲ ಡಿಸ್ಕಿಗೆ ಇಳಿದಿರುತ್ತದೆ. ಎರಡೂ ಪವರ್ ಕೇಬಲ್ ತೆಗೆದು, ಕಾರ್ಡನ್ನು ಸ್ಲಾಟಿನಿಂದ ಎಳೆದೆ. ಹಳೆಯ ಬ್ಯಾಟರಿ ಸ್ವಲ್ಪ ಉಬ್ಬಿತ್ತು. 2017ರಿಂದ ಒಂದೇ ಬ್ಯಾಟರಿ, ಲಿಥಿಯಂ ಅಯಾನ್, ಎಸಿ ಇಲ್ಲದ ಕೋಣೆಯ ಸೆಖೆ. ಅದರ ಆಯುಸ್ಸು ಮುಗಿದಿತ್ತು ಅಷ್ಟೆ, ಯಾರ ತಪ್ಪೂ ಅಲ್ಲ. ಸಣ್ಣ ತಂತಿಯ ಕನೆಕ್ಟರ್ ಇರುತ್ತದೆ. ತಂತಿ ಹಿಡಿದು ಎಳೆಯಬಾರದು, ಪ್ಲಾಸ್ಟಿಕ್ ತುದಿಯನ್ನೇ ಹಿಡಿಯಬೇಕು. ಕಾರ್ಡಿನ ಚಿನ್ನದ ಬಣ್ಣದ ಕಾಲುಗಳ ಮೇಲೆ ಮಸುಕಾದ ಪೊರೆ ಕೂತಿತ್ತು. ನಮ್ಮ ಉಪ್ಪುಗಾಳಿಗೆ ಇದು ಆಗಿಯೇ ಆಗುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿದ ನಯವಾದ ಬಟ್ಟೆಯಿಂದ ಒರೆಸಿ, ಒಣಗಿಸಿ ಮತ್ತೆ ಹಾಕಿದೆ. ಫ್ಯಾನುಗಳ ಧೂಳನ್ನೂ ತೆಗೆದೆ.

ಆನ್ ಮಾಡಿದ ಕೂಡಲೇ ರೈಟ್ ಬ್ಯಾಕ್ ಬರಲಿಲ್ಲ. ಬ್ಯಾಟರಿ ಚಾರ್ಜ್ ಆಗುವ ತನಕ ಕಾರ್ಡ್ ಒಪ್ಪುವುದಿಲ್ಲ. ಸಂಜೆಗೆ ಬ್ಯಾಟರಿ ಆಪ್ಟಿಮಲ್ ಎಂದಿತು, ಕ್ಯಾಶ್ ಕಾಲಂ ತಾನಾಗಿಯೇ ಆರ್, ಡಬ್ಲ್ಯೂ, ಬಿ, ಡಿ ಆಯಿತು. ನಾನು ಒಂದು ಕಮಾಂಡ್ ಕೂಡ ಕೊಡಲಿಲ್ಲ. ಎಡಿಟಿಂಗ್ ಮೆಷಿನಿನಿಂದ ಕಾಪಿ ಮಾಡಿ ನೋಡಿದರೆ ಗಿಗಾಬಿಟ್ ಕೇಬಲ್ ತುಂಬಿ ಸೆಕೆಂಡಿಗೆ 110 ಎಂಬಿ.

ಈ ವ್ಯತ್ಯಾಸ ಯಾಕೆ ಬರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ರೈಡ್ 6ಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ರೈಡ್ 5ರಲ್ಲಿ ಒಂದು ಸಣ್ಣ ತುಂಡು ಬರೆಯಬೇಕಾದರೆ ಕಾರ್ಡ್ ಹಳೆಯ ಡೇಟಾ ಓದಬೇಕು, ಹಳೆಯ ಪ್ಯಾರಿಟಿ ಓದಬೇಕು, ಹೊಸ ಡೇಟಾ ಬರೆಯಬೇಕು, ಹೊಸ ಪ್ಯಾರಿಟಿ ಬರೆಯಬೇಕು. ಒಂದು ಬರವಣಿಗೆಗೆ ನಾಲ್ಕು ಸಲ ಡಿಸ್ಕ್ ಮುಟ್ಟಬೇಕು. ರೈಡ್ 6ರಲ್ಲಿ ಪ್ಯಾರಿಟಿ ಎರಡು, ಹಾಗಾಗಿ ಆರು ಸಲ. ಕ್ಯಾಶ್ ಇದ್ದರೆ ಕಾರ್ಡ್ ತುಂಡುಗಳನ್ನು ಒಟ್ಟು ಮಾಡುತ್ತದೆ. ನಮ್ಮದು ಪ್ರತಿ ಡಿಸ್ಕಿಗೆ 64 ಕೆಬಿ ಪಟ್ಟಿ, ಆರು ಡಿಸ್ಕಿನ ರೈಡ್ 6ರಲ್ಲಿ ಡೇಟಾಕ್ಕೆ ನಾಲ್ಕು ಡಿಸ್ಕಿನ ಪಾಲು, ಅಂದರೆ 256 ಕೆಬಿ. ಅಷ್ಟು ಒಟ್ಟಾಯಿತೆಂದರೆ ಹಳೆಯದನ್ನು ಓದುವ ಕೆಲಸವೇ ಇಲ್ಲ. ಪ್ಯಾರಿಟಿಯನ್ನು ಮೆಮೊರಿಯಲ್ಲೇ ಲೆಕ್ಕ ಹಾಕಿ ಆರೂ ಡಿಸ್ಕಿಗೆ ಒಂದೇ ಬಾರಿಗೆ ಬರೆಯಬಹುದು. ವಿಡಿಯೋ ಇಳಿಸುವಾಗ ಡೇಟಾ ಸಾಲಾಗಿ ಬರುತ್ತದೆ, ಹಾಗಾಗಿ ಇದು ಚೆನ್ನಾಗಿ ಹೊಂದುತ್ತದೆ. ರೀಡ್ ಅಹೆಡ್ ಕೂಡ ಅದೇ ಕಾರಣಕ್ಕೆ ಇಟ್ಟುಕೊಂಡೆ. ಟೈಮ್‌ಲೈನ್ ಓಡಿಸುವಾಗ ಮುಂದಿನ ತುಂಡನ್ನು ಕಾರ್ಡ್ ಮೊದಲೇ ಓದಿ ಇಟ್ಟಿರುತ್ತದೆ.

ಇನ್ನೊಂದು ಕ್ಯಾಶ್ ಇದೆ, ಜಾಸ್ತಿ ಜನ ಮರೆಯುವುದು ಅದನ್ನೇ. ಪ್ರತಿ ಡಿಸ್ಕಿನೊಳಗೂ ಅದರದ್ದೇ ಸಣ್ಣ ಮೆಮೊರಿ ಇರುತ್ತದೆ. ಕಾರ್ಡಿನ ಬ್ಯಾಟರಿ ಅದನ್ನು ಕಾಯುವುದಿಲ್ಲ. ಪೆರ್ಕ್‌ನಲ್ಲಿ ಡಿಸ್ಕ್ ಕ್ಯಾಶ್ ಡೀಫಾಲ್ಟ್ ಎಂದಿದ್ದರೆ, ಎಸ್‌ಎಎಸ್ ಡಿಸ್ಕುಗಳಿಗೆ ಆಫ್, ಸಾಟಾ ಡಿಸ್ಕುಗಳಿಗೆ ಆನ್. ನಮ್ಮದು ಸಾಟಾ. ಅಂದರೆ ಕಾರ್ಡ್ “ಡಿಸ್ಕಿಗೆ ಬರೆದಾಯಿತು” ಎಂದುಕೊಂಡು ತನ್ನ ಚೀಟಿ ಹರಿದು ಹಾಕಿದಾಗ, ಡಿಸ್ಕ್ ಇನ್ನೂ ತನ್ನ ಚೀಟಿಯಲ್ಲೇ ಇಟ್ಟುಕೊಂಡಿರಬಹುದು. ಅದನ್ನು ಡಿಸೇಬಲ್ ಮಾಡಿದೆ.

ಮಾಡಿದ ಮೇಲೆ ನಂಬಿಕೆಯ ಮೇಲೆ ಬಿಡಲಿಲ್ಲ. ಬ್ಯಾಕಪ್ ಮಲ್ಪೆಯಲ್ಲಿ ಭದ್ರ ಇತ್ತು. ಮುಖ್ಯ ವಾಲ್ಯೂಮನ್ನು ಅನ್‌ಮೌಂಟ್ ಮಾಡಿ, ಡಿಸ್ಕಿನ ಜಾಗವನ್ನು ಹಂಚಿಕೊಡುವ ಎಲ್‌ವಿಎಂನಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ ಪರೀಕ್ಷೆಗೆಂದು ಒಂದು ಸಣ್ಣ ವಾಲ್ಯೂಮ್ ಮಾಡಿದೆ. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಅದು ಒಂದು ಸಂಖ್ಯೆ ಬರೆಯುತ್ತದೆ, ಡಿಸ್ಕಿಗೆ ಹೋಯಿತು ಎಂಬ ಉತ್ತರ ಬರುವ ತನಕ ಕಾಯುತ್ತದೆ, ಉತ್ತರ ಬಂದ ಮೇಲೆ ಅದೇ ಸಂಖ್ಯೆಯನ್ನು ನೆಟ್‌ವರ್ಕಿನ ಮೂಲಕ ನನ್ನ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಸಂಖ್ಯೆಗಳು ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವಾಗ ಅಣ್ಣನಿಗೆ ಎರಡೂ ಪವರ್ ಕೇಬಲ್ ಒಟ್ಟಿಗೆ ಎಳೆಯಲು ಹೇಳಿದೆ.

“ಬೇಕಂತಲೇ ಎಳೆಯುದಾ?”

“ಹೌದು ಅಣ್ಣ. ಸಿಡಿಲು ಬಂದು ಎಳೆಯುವ ಮೊದಲು ನಾವೇ ಎಳೆದು ನೋಡುವಾ.”

ಎಳೆದರು. ಫ್ಯಾನ್ ಸದ್ದು ನಿಂತು ಕೋಣೆ ಮೌನ ಆಯಿತು. ಲ್ಯಾಪ್‌ಟಾಪಿನಲ್ಲಿ ಕೊನೆಗೆ ನಿಂತ ಸಂಖ್ಯೆ 48213. ಈ ಕಾರ್ಡಿನಲ್ಲಿ ಕರೆಂಟ್ ಹೋದ ಕೂಡಲೇ ಬ್ಯಾಟರಿಯ ಬಲದಿಂದ ಕ್ಯಾಶ್‌ನಲ್ಲಿ ಇದ್ದದ್ದೆಲ್ಲ ಕಾರ್ಡಿನದ್ದೇ ಫ್ಲಾಶ್ ಮೆಮೊರಿಗೆ ಇಳಿಯುತ್ತದೆ. ಒಮ್ಮೆ ಇಳಿದರೆ ಮತ್ತೆ ಬ್ಯಾಟರಿ ಬೇಡ. ಹಳೆಯ ಕಾರ್ಡುಗಳಲ್ಲಿ ಹಾಗಿರಲಿಲ್ಲ, ಕರೆಂಟ್ ಬರುವ ತನಕ ಬ್ಯಾಟರಿಯೇ ಮೆಮೊರಿಯನ್ನು ಜೀವ ಹಿಡಿದು ಕೂರಿಸಬೇಕಿತ್ತು. ಹತ್ತು ನಿಮಿಷ ಬಿಟ್ಟು ಆನ್ ಮಾಡಿದೆವು. ಡಿಸ್ಕಿನಲ್ಲಿದ್ದ ಕೊನೆಯ ಸಂಖ್ಯೆ 48214. ಲ್ಯಾಪ್‌ಟಾಪಿಗೆ ಹೇಳುವ ಮೊದಲೇ ಒಂದು ಜಾಸ್ತಿ ಬರೆದಿತ್ತು, ಅದು ಸರಿ. ಕಡಿಮೆ ಇದ್ದಿದ್ದರೆ ಕಾರ್ಡ್ ಸುಳ್ಳು ಹೇಳಿದೆ ಎಂದರ್ಥ. ಇನ್ನೂ ಎರಡು ಸಲ ಎಳೆದೆವು. ಎರಡೂ ಸಲ ಲೆಕ್ಕ ಕೂಡಿತು. ಇಡೀ ಕೆಲಸದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಸಂಜೆ ಅದು.

ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ, ಯುಎಸ್‌ಬಿ ಕೇಬಲ್ಲಿನಿಂದ ಸರ್ವರಿಗೆ ಜೋಡಿಸಿದೆ. ಚಾರ್ಜ್ 30 ಶೇಕಡಕ್ಕೆ ಇಳಿದರೆ ಸರ್ವರ್ ತಾನೇ ಶಟ್‌ಡೌನ್ ಆಗುವ ಹಾಗೆ, ಯುಪಿಎಸ್ ಮೇಲೆ ಕಣ್ಣಿಡುವ ಎನ್‌ಯುಟಿ ಎಂಬ ಸಾಫ್ಟ್‌ವೇರಿನಲ್ಲಿ ಸೆಟ್ ಮಾಡಿದೆ.

ಇನ್ನು ಡಿಸ್ಕುಗಳು. ಹೊಸದು ಸೇರಿಸುವ ಮೊದಲು ಹಳೆಯ ನಾಲ್ಕನ್ನು ನೋಡಿದೆ. ಮೂರನೆಯದರಲ್ಲಿ ಮೀಡಿಯಾ ಎರರ್ 14, ಅಂದರೆ ಡಿಸ್ಕಿನ ಮೇಲ್ಮೈ ಹಾಳಾಗುತ್ತಿರುವ ಸೂಚನೆ. ಕಾರ್ಡ್ ಅದನ್ನು ಇನ್ನೂ ಹೊರಗೆ ಹಾಕಿರಲಿಲ್ಲ. ಆದರೆ ದಿನಗಟ್ಟಲೆ ಎಲ್ಲ ಡಿಸ್ಕುಗಳನ್ನೂ ಉಜ್ಜುವ ಕೆಲಸಕ್ಕೆ ಅಂಥ ಡಿಸ್ಕನ್ನು ಕರೆದುಕೊಂಡು ಹೋಗಬಾರದು. ಅದನ್ನು ಆಫ್‌ಲೈನ್ ಮಾಡಿ ಹೊಸದು ಹಾಕಿದೆ, ರಾತ್ರಿ ಬೆಳಗಾಗುವಷ್ಟರಲ್ಲಿ ರೀಬಿಲ್ಡ್ ಮುಗಿಯಿತು. ಆಮೇಲೆ ಕನ್ಸಿಸ್ಟೆನ್ಸಿ ಚೆಕ್ ಓಡಿಸಿದೆ. ಅದು ಡೇಟಾ ಮತ್ತು ಪ್ಯಾರಿಟಿ ಒಂದಕ್ಕೊಂದು ಹೊಂದುತ್ತವಾ ಎಂದು ಇಡೀ ವರ್ಚುವಲ್ ಡಿಸ್ಕನ್ನು ನೋಡುತ್ತದೆ. ತಪ್ಪೇನೂ ಸಿಗಲಿಲ್ಲ. ಆದರೆ ಹೊಸ ಡಿಸ್ಕನ್ನು ಉಳಿದವುಗಳಿಂದಲೇ ಲೆಕ್ಕ ಹಾಕಿ ತುಂಬಿದ ಮೇಲೆ ಎಲ್ಲವೂ ಹೊಂದಿಯೇ ಹೊಂದುತ್ತದೆ. ಇದನ್ನು ರೀಬಿಲ್ಡ್‌ಗೆ ಮೊದಲೇ ಮಾಡಬೇಕಿತ್ತು. ಆ ರಾತ್ರಿ ಕ್ಯಾಶ್ ಹೋದಾಗ ಎಲ್ಲಾದರೂ ಪ್ಯಾರಿಟಿ ತಪ್ಪಿದ್ದರೆ, ಅಲ್ಲಿ ಆ ಹೊಸ ಡಿಸ್ಕಿಗೆ ತಪ್ಪು ಡೇಟಾ ಹೋಗಿರಬಹುದಿತ್ತು. ಅದಕ್ಕೇ ಇಡೀ ವಾಲ್ಯೂಮನ್ನು ಬ್ಯಾಕಪ್ ಜತೆ ಫೈಲ್ ಫೈಲ್ ಹೋಲಿಸಿದೆ. ಎಲ್ಲ ಹೊಂದಿತು. ಮುಂದೆ ಯಾರಾದರೂ ಇದೇ ದಾರಿಯಲ್ಲಿ ಹೋಗುವುದಾದರೆ ಚೆಕ್ ಮೊದಲು, ರೀಬಿಲ್ಡ್ ಆಮೇಲೆ.

ಸೇರಿಸಬೇಕಾದ ಎರಡರಲ್ಲಿ ಒಂದು ಡಿಸ್ಕ್ ಹಾಕಿದ ಕೂಡಲೇ ಫಾರಿನ್ ಎಂದು ತೋರಿಸಿತು. ಅದು ಮೊದಲು ಬೇರೆ ಯಾವುದೋ ರೈಡಿನಲ್ಲಿ ಇದ್ದದ್ದು, ಅದರ ಗುರುತು ಇನ್ನೂ ಡಿಸ್ಕಿನ ಮೇಲೆ ಇದೆ. ಇಲ್ಲಿ ಎರಡು ಆಯ್ಕೆ: ಇಂಪೋರ್ಟ್ ಅಥವಾ ಕ್ಲಿಯರ್. ಕ್ಲಿಯರ್ ಮಾಡುವ ಮೊದಲು ಸೀರಿಯಲ್ ನಂಬರನ್ನು ಡಿಸ್ಕಿನ ಚೀಟಿಯ ಜತೆ ಎರಡು ಸಲ ಹೋಲಿಸಿದೆ. ಕೆಲವೊಮ್ಮೆ ಕೇಬಲ್ ಸಡಿಲವಾಗಿ ನಿಮ್ಮದೇ ಡಿಸ್ಕುಗಳೂ ಫಾರಿನ್ ಎಂದು ಬರಬಹುದು. ಆಗ ಗಡಿಬಿಡಿಯಲ್ಲಿ ಕ್ಲಿಯರ್ ಒತ್ತಿದರೆ ನಿಮ್ಮದೇ ರೈಡಿನ ಗುರುತು ಅಳಿಸಿಹೋಗುತ್ತದೆ. ಡೀಲರ್‌ಗೆ ಫೋನ್ ಮಾಡಿ ಆ ಡಿಸ್ಕ್ ವಾಪಸ್ ಕೊಟ್ಟೆ, ಸೀಲ್ ಒಡೆಯದ ಇನ್ನೊಂದು ತಂದೆ.

ಶನಿವಾರ ಸಂಜೆ ಮೈಗ್ರೇಟ್ ಕಮಾಂಡ್ ಕೊಟ್ಟೆ: ಟೈಪ್ ರೈಡ್ 6, ಆಪ್ಷನ್ ಆಡ್, ಎರಡು ಡಿಸ್ಕಿನ ಸ್ಲಾಟ್ ನಂಬರ್. ಇದು ಸಾಧ್ಯವಾದದ್ದು ಆ ಡಿಸ್ಕ್ ಗುಂಪಿನಲ್ಲಿ ಒಂದೇ ವರ್ಚುವಲ್ ಡಿಸ್ಕ್ ಇದ್ದದ್ದರಿಂದ. ಒಂದೇ ಗುಂಪನ್ನು ಕತ್ತರಿಸಿ ಎರಡು ಮೂರು ವರ್ಚುವಲ್ ಡಿಸ್ಕ್ ಮಾಡಿದ್ದರೆ ಕಾರ್ಡ್ ಒಪ್ಪುವುದಿಲ್ಲ. ರೈಡ್ 10, 50, 60 ಇದ್ದರೂ ಈ ಕಾರ್ಡಿನಲ್ಲಿ ಹೀಗೆ ಬದಲಿಸಲು ಆಗುವುದಿಲ್ಲ. ಸರ್ವರ್ ಕೊಳ್ಳುವ ದಿನವೇ ಇದನ್ನು ಯೋಚಿಸಿಕೊಂಡರೆ ಒಳ್ಳೆಯದು, ಅಲ್ವಾ.

ಕೆಲಸ ನಡೆಯುವಾಗ ಕ್ಯಾಶ್ ಕಾಲಂ ರೈಟ್ ಥ್ರೂಗೆ ಇಳಿದಿತ್ತು. ಬ್ಯಾಟರಿ ಚೆನ್ನಾಗಿದ್ದರೂ ಹಾಗೆ. ಅದನ್ನು ಮೇಲಕ್ಕೆ ತಳ್ಳಲು ಹೋಗಲಿಲ್ಲ. ಆ ದಿನಗಳಲ್ಲಿ ಟೇಪ್ ಇಳಿಸುವುದನ್ನು ನಿಲ್ಲಿಸಿ, ಟೇಪುಗಳ ಪಟ್ಟಿ ಮಾಡುವ ಕೆಲಸ ಹಿಡಿಯಲು ಅಣ್ಣನಿಗೆ ಹೇಳಿದೆ. ಪ್ರಸಂಗದ ಹೆಸರು, ಮೇಳ, ಹಿಮ್ಮೇಳದಲ್ಲಿ ಯಾರು, ಮುಮ್ಮೇಳದಲ್ಲಿ ಯಾರು, ಯಾವ ಊರಿನ ಹರಕೆ ಆಟ. ಅದೂ ಬಾಕಿ ಇದ್ದ ಕೆಲಸವೇ. ರೀಕಾನ್ಫಿಗರ್‌ಗೆ ಕಾರ್ಡ್ ತನ್ನ ಶಕ್ತಿಯಲ್ಲಿ 30 ಶೇಕಡ ಕೊಡುತ್ತದೆ, ಅದು ಡೀಫಾಲ್ಟ್. ಭಾನುವಾರ ಸಂಜೆಗೆ 11 ಶೇಕಡ ಮಾತ್ರ ಆಗಿತ್ತು. ಯಾರೂ ಸರ್ವರ್ ಬಳಸುತ್ತಿಲ್ಲವಾದ್ದರಿಂದ 60ಕ್ಕೆ ಏರಿಸಿದೆ.

ಬುಧವಾರ ರಾತ್ರಿ ಮತ್ತೆ ಸಿಡಿಲು, ಮತ್ತೆ ಕರೆಂಟ್ ಹೋಯಿತು. ನಾನು ಮನೆಯಲ್ಲಿದ್ದೆ, ನಿದ್ದೆ ಬರಲಿಲ್ಲ. ಯುಪಿಎಸ್ 25 ನಿಮಿಷ ಎಳೆದಿತ್ತು, ಆಮೇಲೆ ಸರ್ವರ್ ತಾನಾಗಿಯೇ ಸರಿಯಾಗಿ ಶಟ್‌ಡೌನ್ ಆಗಿತ್ತು. ಬೆಳಿಗ್ಗೆ ಹೋಗಿ ಆನ್ ಮಾಡಿದಾಗ 58 ಶೇಕಡದಲ್ಲಿ ನಿಂತದ್ದು ಅಲ್ಲಿಂದಲೇ ಮುಂದುವರಿಯಿತು. ಶುಕ್ರವಾರ ರಾತ್ರಿ ಹತ್ತಕ್ಕೆ ಮುಗಿಯಿತು. ಮುಗಿದ ಕೂಡಲೇ ಬ್ಯಾಕ್‌ಗ್ರೌಂಡ್ ಇನಿಶಿಯಲೈಸೇಶನ್ ಶುರುವಾಯಿತು. ಹೆಸರು ಕೇಳಿ ಹೆದರಬೇಡಿ. ಡೇಟಾ ಅಳಿಸುವುದಿಲ್ಲ, ಪ್ಯಾರಿಟಿ ಸರಿಮಾಡುತ್ತದೆ ಅಷ್ಟೆ. ಅದರ ಪಾಡಿಗೆ ಬಿಟ್ಟೆ.

ಕಾರ್ಡ್ 16 ಟಿಬಿ ಎಂದರೂ ಉಬುಂಟು ಇನ್ನೂ ಹಳೆಯ ಅಳತೆಯನ್ನೇ ನೋಡುತ್ತಿತ್ತು. ಡಿಸ್ಕನ್ನು ಮತ್ತೆ ಅಳೆಯಲು ಕರ್ನಲ್‌ಗೆ ಹೇಳಬೇಕು, ಆಮೇಲೆ ಎಲ್‌ವಿಎಂನ ಫಿಸಿಕಲ್ ವಾಲ್ಯೂಮ್ ಹಿಗ್ಗಿಸಬೇಕು, ಆಮೇಲೆ ಲಾಜಿಕಲ್ ವಾಲ್ಯೂಮ್, ಕೊನೆಗೆ ಎಕ್ಸ್‌ಎಫ್‌ಎಸ್. ಎಕ್ಸ್‌ಎಫ್‌ಎಸ್ ಮೌಂಟ್ ಆಗಿರುವಾಗಲೇ ಬೆಳೆಯುತ್ತದೆ. ನಾಲ್ಕು ಕಮಾಂಡ್, ಐದು ನಿಮಿಷ. ಇಷ್ಟು ದಿನದ ಕೆಲಸದಲ್ಲಿ ಸುಲಭದ ಭಾಗ ಇದೇ.

ಆದರೆ ಎದ್ದು ಹೊರಡುವ ಮೊದಲು ಪಾಲಿಸಿಗಳನ್ನು ಮತ್ತೆ ನೋಡಿದೆ. ರೈಟ್ ಬ್ಯಾಕ್ ತಾನಾಗಿಯೇ ವಾಪಸ್ ಬಂದಿತ್ತು. ನಾನು ಡಿಸೇಬಲ್ ಮಾಡಿದ್ದ ಡಿಸ್ಕ್ ಕ್ಯಾಶ್ ಮಾತ್ರ ಡೀಫಾಲ್ಟ್ ಆಗಿ ಕೂತಿತ್ತು. ಮತ್ತೆ ಡಿಸೇಬಲ್ ಮಾಡಿದೆ. ರೀಕಾನ್ಫಿಗರ್ ಆದ ಮೇಲೆ ಮೊದಲಿನ ಸೆಟ್ಟಿಂಗುಗಳು ಹಾಗೇ ಇವೆ ಎಂದುಕೊಳ್ಳಬೇಡಿ, ಒಂದೊಂದನ್ನೂ ಕಣ್ಣಾರೆ ನೋಡಿ. ಈಗ ಎಂಟೂ ಜಾಗ ತುಂಬಿವೆ, ಹಾಟ್ ಸ್ಪೇರ್‌ಗೆ (ಒಂದು ಡಿಸ್ಕ್ ಸತ್ತರೆ ತಾನಾಗಿಯೇ ಅದರ ಜಾಗ ಹಿಡಿಯುವ ಬದಲಿ ಡಿಸ್ಕಿಗೆ) ಜಾಗ ಇಲ್ಲ. ಅದಕ್ಕೆ ಒಂದು ಡಿಸ್ಕನ್ನು ಟೇಪುಗಳ ಕಪಾಟಿನಲ್ಲೇ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಟ್ಟಿದ್ದೇವೆ. ಬ್ಯಾಟರಿ ಹಾಕಿದ ತಾರೀಕು ಬರೆದು ಸರ್ವರಿನ ಬದಿಗೆ ಅಂಟಿಸಿದೆ.

ಬೂಷ್ಟು ಹಿಡಿದ ಆ ಟೇಪನ್ನು ಅಣ್ಣ ಜುಲೈಯಲ್ಲಿ ಮತ್ತೆ ಕೈಗೆತ್ತಿಕೊಂಡರು. ಈ ಸಲ ಒಂದು ವಾರ ಒಣ ಡಬ್ಬದಲ್ಲಿಟ್ಟು, ಆಮೇಲೆ ಕೈಯಿಂದ ಸುತ್ತುತ್ತಾ ಒರೆಸಿದರು. ಕೊನೆಯ ಹತ್ತು ನಿಮಿಷದ ಏರುಪದ ಬಿಟ್ಟು ಉಳಿದದ್ದೆಲ್ಲ ಬಂತು. ಹೋದ ಹತ್ತು ನಿಮಿಷ ಮೊದಲ ಸಲ ಇಳಿಸಿದ ಫೈಲಿನಲ್ಲಿ ಇತ್ತು. ಲಾಸ್ಟ್ ಫೌಂಡ್‌ನ 11 ಫೈಲುಗಳಲ್ಲಿ ಅದನ್ನು ಹುಡುಕಿದೆ, ಸಿಗಲಿಲ್ಲ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಸರ್ವರ್ ಕ್ಯಾಶ್ ಕಾಲಮನ್ನು ಅಣ್ಣನ ಫೋನಿಗೆ ಕಳಿಸುತ್ತದೆ. ಅವರು ನನಗೆ ಫೋನ್ ಮಾಡಿ ಓದಿ ಹೇಳುತ್ತಾರೆ. ನನಗೂ ಬರುತ್ತದೆ ಎಂದು ಅವರಿಗೆ ಗೊತ್ತು, ಆದರೂ ಓದುತ್ತಾರೆ.

“ಆರ್, ಡಬ್ಲ್ಯೂ, ಬಿ, ಡಿ. ನಡುವೆ ಎ ಇಲ್ಲ ಮಾರಾಯ.”

“ಸರಿ ಅಣ್ಣ.”